ಎರಡಕ್ಕೆಲ್ಲ ನೋಡುವುದಿಲ್ಲ

ಕಾಯುವುದರಲ್ಲಿ ನನ್ನನ್ನು ಮೀರಿಸುವವರು ಮೂರು ಲೋಕದಲ್ಲೂ ಇಲ್ಲ. ಗರ್ಭ ನಿಲ್ಲದವರನ್ನು ನೋಡುವ ತಜ್ಞರ ಚೀಟಿಗೆಂದು ಸಾಲಿನಲ್ಲಿ ನಿಂತಾಗ ನನ್ನ ಮುಂದೆ ಮದುಮಗಳಾಗಿದ್ದವಳು, ಕಿಟಕಿ ತಲುಪುವಷ್ಟರಲ್ಲಿ ಅಜ್ಜಿಯಾಗಿದ್ದಳು.

"ಎಷ್ಟು ಅಬಾರ್ಷನ್ ಆಗಿದೆ?" ಚೀಟಿ ಬರೆಯುವ ಹುಡುಗಿ ಬೆಂಡೆಕಾಯಿ ತೂಗುವವಳಂತೆ ಕೇಳಿದಳು.

"ಎರಡು."

"ಎರಡೇನಾ? ಅಷ್ಟಕ್ಕೆಲ್ಲ ದೊಡ್ಡ ಡಾಕ್ಟ್ರು ನೋಡಲ್ಲ ಅಕ್ಕಾ. ಮೂರಾಗ್ಬೇಕು, ರೂಲ್ಸು."

ಇಷ್ಟು ಸಣ್ಣ ಸಾಧನೆ ಹೊತ್ತು ಬಂದದ್ದಕ್ಕೆ ನನಗೇ ನಾಚಿಕೆಯಾಯಿತು. ಆದರೂ ಕಿಟಕಿಯ ಸರಳು ಬಿಡಲಿಲ್ಲ.

"ಮೂರನೇದು ಹೊಟ್ಟೇಲಿದೆ ಕಣಮ್ಮಾ, ಏಳು ವಾರ. ಇದನ್ನಾದ್ರೂ ಉಳಿಸ್ಕೊಡ್ಲಿ ಅಂತ ಬಂದೆ."

ಹುಡುಗಿಯ ಮುಖ ಅರಳಿತು. ರಿಜಿಸ್ಟರ್ ತೆರೆದು ಪೆನ್ನು ಹಿಡಿದಳು.

"ಮೊದ್ಲೇ ಹೇಳ್ಬಾರ್ದಾ ಅಕ್ಕಾ! ಮುಂದಿನ ತಿಂಗಳಿಗೇ ಹೆಸರು ಬರ್ಕೋತೀನಿ. ಅಷ್ಟೊತ್ತಿಗೆ ಮೂರಾಗಿರುತ್ತೆ."