ಕಂಬದ ಹುಡುಗಿಯ ನಗು

ಚಿತ್ರವಾಗಲಿ ಶಿಲ್ಪವಾಗಲಿ, ಜನ ನೋಡಿದಷ್ಟೂ ಸವೆಯತೊಡಗಿ ವರ್ಷಗಳೇ ಕಳೆದಿದ್ದವು. ಅದಕ್ಕೇ ಹಳೆಯ ಗುಡಿಯ ಕಂಬದಲ್ಲಿ ಕನ್ನಡಿ ಹಿಡಿದು ನಿಂತ ಹುಡುಗಿಗೆ ಪರದೆ ಕಟ್ಟಿದ್ದರು. ಟಿಕೆಟ್ ತಂದವರಿಗೆ ಪರದೆ ಎತ್ತಿ ತೋರಿಸುವುದು ಬಾಳವ್ವನ ಕೆಲಸ. ಎತ್ತುವಾಗ ಅವಳು ಮಾತ್ರ ಗೋಡೆಯತ್ತ ಮುಖ ತಿರುಗಿಸಿಕೊಳ್ಳುತ್ತಿದ್ದಳು.

ಆ ಕಲ್ಲಿನ ಹುಡುಗಿ ಥೇಟ್ ಬಾಳವ್ವನ ಮಗಳು ನೀಲವ್ವನ ಹಾಗೆಯೇ ನಗುತ್ತಾಳೆಂದು ಊರೆಲ್ಲ ಹೇಳುತ್ತಿತ್ತು. ನೀಲವ್ವ ಹೊಳೆಯ ಪಾಲಾದ ಮೇಲೆ ಮನೆಯಲ್ಲಿದ್ದ ಒಂದೇ ಫೋಟೊವನ್ನು ಬಾಳವ್ವ ನೋಡಿ ನೋಡಿ ಬಿಳಿ ಹಾಳೆ ಮಾಡಿಬಿಟ್ಟಿದ್ದಳು. ಈ ನಗುವಾದರೂ ಉಳಿಯಲಿ ಎಂದು, ಅಂದಿನಿಂದ ಕಂಬದತ್ತ ಒಮ್ಮೆಯೂ ಕಣ್ಣು ಹಾಯಿಸದೆ, ಬಂದವರ ಬಾಯಿಂದ ಕೇಳಿಯೇ ಸಮಾಧಾನಪಡುತ್ತಿದ್ದಳು.

“ಕೈಯಾಗಿನ ಬಳಿ ಸವದಾವ ಬೇ, ಮಾರಿ ಮಾತ್ರ ಛಲೋ ಐತಿ,” ಎಂದಿದ್ದರು ಮೊನ್ನೆ ಬಂದವರು.

ಇಂದು ಪುಕ್ಕಟೆ ಪ್ರವೇಶದ ದಿನ. ಪರದೆ ಇಳಿಸಲು ಪುರುಸೊತ್ತೇ ಸಿಗಲಿಲ್ಲ. ಸಂಜೆ ಬಂದ ಗಂಡಹೆಂಡತಿಯನ್ನು ಬಾಳವ್ವ ಗೋಡೆ ನೋಡುತ್ತಲೇ ಕೇಳಿದಳು, “ನಗಾಕತ್ತಾಳೇನ್ರಿ ನಮ್ಮ ಹುಡುಗಿ?”

“ಯಾವ ಹುಡುಗಿ ಬೇ? ಬರೇ ಕಂಬ ಐತಿ,” ಎಂದ ಗಂಡ.

“ಈ ಕಲ್ಲು ನೋಡಾಕ ಬಸ್ಸಿನ್ಯಾಗ ನಿಂತು ಬರಬೇಕಿತ್ತೇನು?” ಎಂದು ಹೆಂಡತಿ ಅವನನ್ನು ಚುಚ್ಚಿದಳು.

ಅವರು ಹೋದರು. ಬಾಳವ್ವ ಪರದೆಯ ಹಗ್ಗ ಹಿಡಿದೇ ನಿಂತಿದ್ದಳು. ಇನ್ನು ಅವಳು ಎಷ್ಟು ನೋಡಿದರೂ ಸವೆಯುವಂಥದ್ದು ಅಲ್ಲೇನೂ ಉಳಿದಿರಲಿಲ್ಲ. ಆದರೂ ಅವಳ ಕತ್ತು ಆ ಕಡೆ ಹೊರಳಲೇ ಇಲ್ಲ.