ಹೆಣ ಎತ್ತುವ ತನಕ

ಸೊಸೆಯ ಅಳು ಯಾರ ಹೆಸರಿನ ಕಡೆಗೆ ಹೊರಟಿದೆಯೆಂದು ಸಖುಬಾಯಿಗೆ ಎಲ್ಲರಿಗಿಂತ ಮೊದಲೇ ತಿಳಿಯಿತು. ಹಿರಿಯ ಮಗ ಮಡೆಪ್ಪನ ಹೆಣವನ್ನು ಅಂಗಳದ ಗೋಡೆಗೆ ಆನಿಸಿ ಕೂಡಿಸಿದ್ದರು. ಚಂದ್ರಭಾಗಾ ಗಂಡನ ಮೊಣಕಾಲು ಹಿಡಿದು ಹಾಡಿ ಅಳುತ್ತಿದ್ದಳು. "ಬರಗಾಲಕ್ಕ ಕುರಿ ಮಾರಿದೆಲ್ಲೋ ನನ್ನ ರಾಜಾ... ಕಬ್ಬು ಕಡಿಯಾಕ ಕೋಯ್ತಾ ಹಿಡದೆಲ್ಲೋ... ಮೈಯಾಗ ಜ್ವರ ಇಟಗೊಂಡು ಹೊರಿ ಹೊತ್ತೆಲ್ಲೋ..."

ಚಿಂತಾಕಿ ಊರಿನಲ್ಲಿ ಹಾಡಿ ಅಳುವ ಹೆಂಗಸಿಗೆ ಯಾರೂ ಅಡ್ಡ ಬರುವುದಿಲ್ಲ. ಹೆಣ ಎತ್ತುವ ತನಕ ಅವಳು ಯಾರನ್ನು ಬೇಕಾದರೂ ಹೆಸರು ಹಿಡಿದು ಅನ್ನಬಹುದು. ಅನ್ನಿಸಿಕೊಂಡವನು ತಲೆ ತಗ್ಗಿಸಿ ಕೇಳಬೇಕು, ತಿರುಗಿ ಮಾತಾಡುವಂತಿಲ್ಲ. ಗಂಡ ಸತ್ತ ದಿನ ಸಖುಬಾಯಿ ಹೊಲ ಒತ್ತಿದ್ದ ಮೈದುನನನ್ನು ಹೆಣದ ಮುಂದೆ ಕೂತು ಜಾಲಾಡಿದ್ದಳು. ಮರುದಿನ ಅವನೇ ಹೋಗಿ ಬದುವಿನ ಕಲ್ಲನ್ನು ಮೊದಲಿನ ಜಾಗಕ್ಕೆ ಇಟ್ಟುಬಂದಿದ್ದ.

ಮುಕಾದಮ ಗೋರಖನಾಥ ಬೇವಿನ ಮರದ ಕೆಳಗೆ ಕೂತಿದ್ದ. ಊರಿನವರನ್ನು ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಒಯ್ಯುವವನು ಅವನೇ. ಹೆಣ ತಂದ ಲಾರಿ ಗುಡಿಯ ಮುಂದೆ ನಿಂತಿತ್ತು. ಸಂಜೆ ಅದೇ ಲಾರಿ ಜನ ತುಂಬಿಕೊಂಡು ತಿರುಗಿ ಹೋಗಬೇಕು. ಗಂಟುಗಳು ಆಗಲೇ ಏರಿದ್ದವು. ಕಿರಿಯ ಮಗ ಧೊಂಡಿಬಾನ ಗಂಟೂ ಅವುಗಳ ನಡುವೆ ಇತ್ತು. ಅಣ್ಣನ ಮೂರನೇ ದಿನದ ತನಕವಾದರೂ ತಡೆಯಿರಿ ಎಂದು ಅವನು ಕೇಳಿಕೊಂಡದ್ದಕ್ಕೆ ಮುಕಾದಮ ಆಗುವುದಿಲ್ಲವೆಂದಿದ್ದ.

"ಸಖು ಅಕ್ಕಾ, ಸ್ವಲ್ಪ ಇಕಡಿ ಬಾ." ಸಖುಬಾಯಿ ಎದ್ದು ಹೋದಳು. ಗೋರಖನಾಥನ ದನಿ ಮೆತ್ತಗಿತ್ತು. "ಅಳಲಿ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಹೆಸರು ತಗೊಂಡು ಅಳಬಾರದು. ಆಕಿ ಬಾಯಿಗೆ ಬಂದದ್ದು ಅನ್ನಬೇಕು, ನಾ ಪಿಟ್ ಅನ್ನಬಾರದು. ಇದ್ಯಾವ ಇನ್ಸಾಫು?"

"ಆಕಿ ಇನ್ನೂ ಯಾರ ಹೆಸರೂ ತಗೊಂಡಿಲ್ಲಲ್ಲಪಾ," ಎಂದಳು ಹತ್ತಿರದಲ್ಲೇ ಕೂತಿದ್ದ ಮುದುಕಿ ಜನಾಬಾಯಿ. "ನಿನಗ ಹ್ಯಾಂಗ ಗೊತ್ತಾತು ನಿಂದೇ ಅಂತ?"

"ಸುಳ್ಳೋ ಖರೇನೋ ಯಾರು ನೋಡ್ಯಾರ, ಆಯಿ?"

"ಆಕಿ ನೋಡ್ಯಾಳ. ಅಲ್ಲೇ ಇದ್ದಳಲ್ಲ, ಗಂಡನ ಸಂಗಾಟ."

ಮುಕಾದಮ ಜನಾಬಾಯಿಯ ಕಡೆ ತಿರುಗಲಿಲ್ಲ. "ಅಕ್ಕಾ, ಹೆಸರು ಬಂತಂದ್ರ ಈ ಊರಿನ ಗಂಟು ಒಂದೂ ಗಾಡ್ಯಾಗ ಇರಂಗಿಲ್ಲ. ಭಾಲ್ಕಿ ಕಡಿ ಮಂದಿ ಕಾಯ್ಕೋತ ಕುಂತಾರ."

ಅಂಗಳದಲ್ಲಿ ಚಂದ್ರಭಾಗಾಳ ದನಿ ಏರಿತು. "ದವಾಖಾನಿಗೆ ಒಯ್ರಿ ಅಂತ ಕಾಲ ಹಿಡದೆನಲ್ಲೋ... ಕಬ್ಬು ತೂಗಿ ಬಂದ ಮ್ಯಾಲ ನೋಡೋಣಂದನಲ್ಲೋ... ಗಾಡಿ ಬರೂತನಾ ನನ್ನ ತೊಡಿ ಮ್ಯಾಲೇ ತಣ್ಣಗಾದೆಲ್ಲೋ..." ಜೊತೆಗೆ ಅಳುತ್ತಿದ್ದ ಹೆಂಗಸರು ಅಳು ನಿಲ್ಲಿಸಿ ಕಿವಿಗೊಟ್ಟರು. ಹಾಗೆ ಅಂದವನು ಯಾರು ಎಂಬುದೊಂದೇ ಉಳಿದಿತ್ತು. ಜ್ವರ ಬಂದು ಸತ್ತ ಎಂದಷ್ಟೇ ಸಖುಬಾಯಿಗೆ ಹೇಳಿದ್ದರು. ಲಾರಿಯಲ್ಲಿ ಬರುವಾಗ ದಾರಿಯುದ್ದಕ್ಕೂ ಸೊಸೆ ತುಟಿ ಬಿಚ್ಚಿರಲಿಲ್ಲವಂತೆ. ಈ ಹೊತ್ತಿಗೇ ಕಾಯ್ದಿದ್ದಳು.

ಸಖುಬಾಯಿ ಲಾರಿಯ ಕಡೆ ನೋಡಿದಳು. ಧೊಂಡಿಬಾ ಅದರ ಹಿಂಬದಿಗೆ ನಿಂತಿದ್ದ. ಅವನು ನೋಡುತ್ತಿದ್ದದ್ದು ಅಣ್ಣನನ್ನಲ್ಲ, ತನ್ನ ಗಂಟನ್ನು. ಅವಳು ಅಂಗಳಕ್ಕೆ ಬಂದು ಸೊಸೆಯ ಬೆನ್ನ ಹಿಂದೆ ಕುಕ್ಕರಿಸಿ, ಒಂದು ಕೈಯಿಂದ ಅವಳನ್ನು ತಬ್ಬಿಕೊಂಡಳು. ಸಮಾಧಾನ ಮಾಡುತ್ತಾಳೆಂದು ಚಂದ್ರಭಾಗಾ ಅತ್ತೆಯ ಎದೆಗೆ ಒರಗಿದಳು. ಆಗ ಸಖುಬಾಯಿಯ ಇನ್ನೊಂದು ಕೈ ಅವಳ ಬಾಯಿ ಮುಚ್ಚಿತು.

ಅರ್ಥವಾಗಲು ಚಂದ್ರಭಾಗಾಳಿಗೆ ಒಂದು ಗಳಿಗೆ ಹಿಡಿಯಿತು. ಆಮೇಲೆ ಒದ್ದಾಡಿದಳು. ಆಮೇಲೆ ಕಚ್ಚಿದಳು. ಸಖುಬಾಯಿ ಕೈ ತೆಗೆಯಲಿಲ್ಲ.

"ಏ ಸಖೂ, ಕೈ ತಗಿ!" ಜನಾಬಾಯಿ ಕೂಗಿದಳು. "ಅವತ್ತು ನಿನ್ನ ಬಾಯಿ ಯಾರರ ಮುಚ್ಚಿದ್ರೇನ?"

"ಎತ್ತರಿ," ಎಂದಳು ಸಖುಬಾಯಿ ಗಂಡಸರಿಗೆ. "ಹೊತ್ತಾತು. ಎತ್ತರಿ ನನ್ನ ಮಗನ್ನ."

ಎತ್ತಿದರು. ಮುಂದೆ ಬಂದು ಮೊದಲು ಹೆಗಲು ಕೊಟ್ಟವನು ಗೋರಖನಾಥ. ಹೆಣ ಅಂಗಳ ದಾಟಿದ ಮೇಲೆ ಸಖುಬಾಯಿ ಕೈ ತೆಗೆದಳು. ಇನ್ನು ಚಂದ್ರಭಾಗಾ ಏನು ಹೇಳಿದರೂ ಅದು ಬರೀ ಒಬ್ಬ ಹೆಂಗಸಿನ ಮಾತು.

ಸಂಜೆ ಲಾರಿ ಸುರುವಾಯಿತು. ಧೊಂಡಿಬಾ ಅವ್ವನ ಕಾಲಿಗೆ ಬಿದ್ದು ಎದ್ದವನು, "ಕೈಗೇನಾತವ್ವಾ?" ಎಂದ.

"ಏನಿಲ್ಲ. ಹತ್ತು, ಗಾಡಿ ಬಿಡ್ತಾರ."

ಅವನು ಹತ್ತಿದ. ಸಖುಬಾಯಿ ಅಭ್ಯಾಸದಂತೆ ಬಲಗೈ ಎತ್ತಿ ಹರಸಿದಳು. ಅಂಗೈ ತುಂಬ ಸೊಸೆಯ ಹಲ್ಲಿನ ಸಾಲು ಕೆಂಪಗೆ ಇನ್ನೂ ಜಿನುಗುತ್ತಿತ್ತು. ಲಾರಿಯ ಮುಂದಿನ ಸೀಟಿನಿಂದ ಗೋರಖನಾಥ ಆ ಕೈಗೆ ನಮಸ್ಕಾರ ಮಾಡಿದ.