ಇಬ್ಬರ ನಡುವೆ ಬಿದ್ದ ಚೆಂಡು

ಗೇಟಿನ ಹೊರಗೆ ನಿಂತು ಡಾರೆಲ್ ಪ್ರೂಯಿಟ್ ಮೂರು ಸಲ ಕೂಗಿದ. ವರ್ನನ್ ತಿರುಗಿ ನೋಡಲಿಲ್ಲ. ಹತ್ತು ಮಾರು ಆಚೆ, ಬಲ ಮಗ್ಗುಲು ಗೇಟಿನ ಕಡೆ ಮಾಡಿ ಮಂಡಿಯೂರಿ ಕೂತು ಟೊಮೆಟೊ ಗಿಡಗಳಿಗೆ ಕೋಲು ಕಟ್ಟುತ್ತಿದ್ದವನು ಕಟ್ಟುತ್ತಲೇ ಇದ್ದ.

ಕೋಪ ಇನ್ನೂ ಇಳಿದಿಲ್ಲ ಎಂದುಕೊಂಡ ಡಾರೆಲ್. ಮೂವತ್ತೊಂಬತ್ತು ವರ್ಷಕ್ಕೆ ಇಳಿಯುವಂಥದ್ದೂ ಅಲ್ಲ ಅದು. ವಾಪಸು ಹೋಗಿಬಿಡೋಣ ಅನ್ನಿಸಿತು. ಒಹಾಯೊದ ಈ ಸಣ್ಣ ಊರಿಗೆ ನಾಲ್ಕೂವರೆ ಗಂಟೆ ಒಬ್ಬನೇ ಕಾರು ಓಡಿಸಿಕೊಂಡು ಬಂದಿದ್ದ. ದಾರಿಯಲ್ಲಿ ಎರಡು ಸಲ ಕಾರನ್ನು ಹಿಂದಕ್ಕೆ ತಿರುಗಿಸಿಯೂ ಇದ್ದ.

ಬಾಗಿಲು ತೆರೆದು ವರ್ನನ್‌ನ ಹೆಂಡತಿ ಓಪಲ್ ಹೊರಗೆ ಬಂದಳು. ಗುರುತು ಹಿಡಿಯಲು ಅವಳಿಗೆ ಹೊತ್ತು ಬೇಕಾಗಲಿಲ್ಲ. ಟೀವಿಯಲ್ಲಿ ವರ್ಷಗಟ್ಟಲೆ ನೋಡಿದ ಮುಖ.

"ಅಂತೂ ದಾರಿ ಸಿಕ್ತು ನಿಮಗೆ."

"ಅವನ ಹತ್ರ ಎರಡು ಮಾತು ಆಡ್ಬೇಕಿತ್ತು, ಓಪಲ್."

"ನಿಮ್ಮ ವಿಷಯ ಬಂದ್ರೆ ಎದ್ದು ಹೋಗ್ತಾರೆ. ಆದ್ರೆ ನಿಮ್ಮ ಬಗ್ಗೆ ಒಂದು ಕೆಟ್ಟ ಮಾತು ಆಡಿದ್ದು ನಾನು ಇವತ್ತಿನವರೆಗೂ ಕೇಳಿಲ್ಲ."

ಬೈಗುಳಕ್ಕೆ ತಯಾರಾಗಿ ಬಂದಿದ್ದ ಡಾರೆಲ್‌ಗೆ ಈ ಮಾತು ಬೈಗುಳಕ್ಕಿಂತ ಜೋರಾಗಿ ತಾಗಿತು. ಓಪಲ್ ಗಂಡನ ಹತ್ತಿರ ಹೋಗಿ ಅವನ ಹೆಗಲು ಮುಟ್ಟಿ, ಗೇಟಿನ ಕಡೆ ಕೈ ತೋರಿಸಿದಳು.

ವರ್ನನ್ ಎದ್ದು ಬಹಳ ಹೊತ್ತು ನೋಡಿದ. ಕೈಯ ಮಣ್ಣನ್ನು ಪ್ಯಾಂಟಿಗೆ ಒರೆಸಿಕೊಂಡ. ಆ ಕೈ ಮುಂದೆ ಬರಲಿಲ್ಲ. ಜಗಲಿಯ ಕುರ್ಚಿಗಳ ಕಡೆ ತಲೆಯಾಡಿಸಿದ, ಅಷ್ಟೇ. ಡಾರೆಲ್ ಹತ್ತಿರದ ಕುರ್ಚಿಯಲ್ಲಿ ಕೂತ.

"ಅಲ್ಲಲ್ಲ. ಆ ಕಡೆ ಕೂತ್ಕೋ."

ಹೇಳಿದಲ್ಲಿಗೆ ಡಾರೆಲ್ ಎದ್ದು ಹೋದ. ಕುರ್ಚಿ ಕೊಟ್ಟದ್ದೇ ದೊಡ್ಡದು ಅನ್ನಿಸಿತ್ತು ಅವನಿಗೆ. ಓಪಲ್ ಐಸ್ ಹಾಕಿದ ಚಹಾ ತಂದಿಟ್ಟು ಒಳಗೆ ಹೋದಳು.

ಡಾರೆಲ್ ಹದಿನಾಲ್ಕು ವರ್ಷ ದೊಡ್ಡ ಲೀಗಿನಲ್ಲಿ ಬೇಸ್‌ಬಾಲ್ ಆಡಿದವನು. ಎಡ ಹೊರಮೈದಾನ ಅವನ ಜಾಗ. ಅಲ್ಲಿಂದ ಅವನು ಎಸೆದ ಚೆಂಡಿಗೆ ಹೆದರಿ, ಓಡಬೇಕಾದವರೂ ಓಡದೆ ನಿಲ್ಲುತ್ತಿದ್ದರು. ಬರುವ ಶನಿವಾರ ಅವನ ಹೆಸರನ್ನು ಕ್ರೀಡಾಂಗಣದ ಗೋಡೆಯ ಮೇಲೆ ಬರೆಸುವ ಸಮಾರಂಭವಿತ್ತು. ಆ ಹದಿನಾಲ್ಕು ವರ್ಷಗಳಲ್ಲಿ ಮೊದಲನೆಯದರಲ್ಲಿ ಮಾತ್ರ ಪಕ್ಕದ ಜಾಗದಲ್ಲಿ, ಮೈದಾನದ ನಡುವೆ, ವರ್ನನ್ ಟಿಸ್ಡೇಲ್ ನಿಲ್ಲುತ್ತಿದ್ದ. ಪರ ಊರಿಗೆ ಹೋದಾಗ ಇಬ್ಬರಿಗೂ ಒಂದೇ ಕೋಣೆ. ಬೆಳಗ್ಗೆ ಎಷ್ಟು ಕರೆದರೂ ಏಳದ ವರ್ನನ್‌ನನ್ನು ಡಾರೆಲ್ ದಿಂಬು ಎಸೆದು ಎಬ್ಬಿಸುತ್ತಿದ್ದ.

1979ರ ಅಕ್ಟೋಬರ್. ಸರಣಿಯ ಕೊನೆಯ ಆಟ, ಮಧ್ಯಾಹ್ನದ ಬಿಸಿಲು. ಇನ್ನೊಬ್ಬ ಔಟಾದರೆ ಗೆಲುವು. ಸುಲಭದ ಚೆಂಡೊಂದು ಮೇಲೆದ್ದು ಇವರಿಬ್ಬರ ಕಡೆ ಬಂತು. ಇಬ್ಬರೂ ಮುಂದಕ್ಕೆ ಓಡಿದರು. ಇಬ್ಬರೂ ನಿಂತುಬಿಟ್ಟರು. ಚೆಂಡು ನಡುವಿನ ಹುಲ್ಲಿನ ಮೇಲೆ ಬಿತ್ತು. ಅಷ್ಟರಲ್ಲಿ ಓಟ ಮುಗಿಸಿ ಎದುರಾಳಿಗಳು ಗೆದ್ದರು.

ಆಟ ಮುಗಿದ ಮೇಲೆ ವರದಿಗಾರರು ವರ್ನನ್‌ನನ್ನು ಮುತ್ತಿಕೊಂಡರು.

"ಡಾರೆಲ್ 'ನಂದು' ಅಂತ ಕೂಗಿದ. ಅದಕ್ಕೇ ನಿಂತೆ," ಅಂದ ವರ್ನನ್.

ಅವರೆಲ್ಲ ಡಾರೆಲ್ ಕಡೆ ತಿರುಗಿದರು. ಅವನಿಗೆ ಆಗ ಇಪ್ಪತ್ತಮೂರು. ಹೆಂಡತಿ ಬಸುರಿ.

"ನಾನು ಕೂಗಲೇ ಇಲ್ಲ," ಅಂದ.

ವರ್ನನ್ ಚೆಂಡು ಬಿಟ್ಟದ್ದನ್ನು ಜನ ಕ್ಷಮಿಸುತ್ತಿದ್ದರೇನೋ. ತನ್ನ ತಪ್ಪನ್ನು ಗೆಳೆಯನ ತಲೆಗೆ ಕಟ್ಟಲು ನೋಡಿದ್ದನ್ನು ಕ್ಷಮಿಸಲಿಲ್ಲ. ಮುಂದಿನ ವಸಂತದ ಆಟಗಳಿಗೆ ಮುಂಚೆಯೇ ತಂಡ ವರ್ನನ್‌ನನ್ನು ಕೈಬಿಟ್ಟಿತು. ಬೇರೆ ಯಾರೂ ಕರೆಯಲಿಲ್ಲ. ಊರಿಗೆ ಬಂದು ಶಾಲೆಯೊಂದರ ಮೈದಾನದಲ್ಲಿ ಮೂವತ್ತು ವರ್ಷ ಹುಲ್ಲು ಕತ್ತರಿಸಿದ.

ಡಾರೆಲ್ ಚಹಾ ಮುಟ್ಟಲಿಲ್ಲ. "ನಾನು ಕೂಗಿದ್ದೆ, ವರ್ನ್," ಅಂದ. ಮೆಲ್ಲಗೆ, ಲೋಟದ ಕಡೆ ನೋಡುತ್ತ.

ವರ್ನನ್ ಅವನ ತುಟಿಗಳನ್ನೇ ನೋಡುತ್ತಿದ್ದ. "ಇನ್ನೊಂದು ಸಲ ಹೇಳು."

ಈ ಶಿಕ್ಷೆಯೂ ಸರಿಯೇ ಅನ್ನಿಸಿತು ಡಾರೆಲ್‌ಗೆ. ಗಟ್ಟಿಯಾಗಿ ಹೇಳಿದ. "ಅವತ್ತು ನಾನು ಕೂಗಿದ್ದೆ. 'ನಂದು' ಅಂತ ಎರಡು ಸಲ. ಆಮೇಲೆ ಚೆಂಡು ಕೈಗೆ ಎಟುಕಲ್ಲ ಅನ್ನಿಸ್ತು. ನಿಂಗೆ ಡಿಕ್ಕಿ ಹೊಡೀತೀನಿ ಅಂತ ಹೆದರಿ ನಿಂತೆ. ಸುಳ್ಳು ಹೇಳಿದ್ದು ನಾನು. ನಿನ್ನ ಬದುಕು ತಿಂದು ನಾನು ಆಮೇಲೆ ಹದಿಮೂರು ವರ್ಷ ಆಡ್ದೆ."

ಗೆದ್ದವನ ಮುಖ ನೋಡಲು ಕಾದಿದ್ದ ಡಾರೆಲ್. ವರ್ನನ್‌ನ ಮುಖ ಬಿಳಿಚಿಕೊಂಡಿತು.

"ಶನಿವಾರ ಅಷ್ಟು ಜನರ ಮುಂದೆ ಮೈಕಲ್ಲಿ ಹೇಳ್ತೀನಿ. ವರ್ನನ್ ಟಿಸ್ಡೇಲ್ ಅವತ್ತು ಹೇಳಿದ್ದು ಸತ್ಯ ಅಂತ."

"ಬೇಡ."

"ಹೇಳ್ಲೇಬೇಕು. ಅದೊಂದನ್ನಾದ್ರೂ ನಿಂಗೆ ವಾಪಸ್ ಕೊಡ್ತೀನಿ."

"ಬೇಡ ಕಣೋ, ಡಾರೆಲ್." ವರ್ನನ್ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ. "ಬಿಸಿಲಲ್ಲಿ ಚೆಂಡು ನನ್ನ ಕಣ್ಣಿಗೆ ತಪ್ಪಿಹೋಯ್ತು. ಅದಕ್ಕೇ ನಿಂತಿದ್ದು. ತಂಡದಿಂದ ತೆಗೆದುಹಾಕ್ತಾರೆ ಅಂತ ಹೆದರಿ ನಿನ್ ಹೆಸರು ಹೇಳ್ಬಿಟ್ಟೆ. ನಿಂಗೊಂದು ಕಾಗದ ಬರೀಬೇಕು ಅಂತ ಎಷ್ಟು ಸಲ ಕೂತೆನೋ. ಟೀವಿಲಿ ನೀನು ಬಂದ್ರೆ ನೋಡೋ ಧೈರ್ಯ ಇರ್ಲಿಲ್ಲ."

ಡಾರೆಲ್‌ಗೆ ಅರ್ಥವಾಗಲಿಲ್ಲ. "ಆದ್ರೆ ನಾನು ಕೂಗಿದ್ದು ನಿಜ. ನೀನು ಕೇಳಿಸ್ಕೊಂಡೆಯಲ್ಲ."

ವರ್ನನ್ ಬಲಗಿವಿಯ ಮೇಲೆ ಕೈಯಿಟ್ಟುಕೊಂಡ. ಮೈದಾನದಲ್ಲಿ ಡಾರೆಲ್ ನಿಲ್ಲುತ್ತಿದ್ದುದು ಅದೇ ಕಡೆ.

"ಒಂಬತ್ತನೇ ವಯಸ್ಸಲ್ಲಿ ಜ್ವರ ಬಂದು ಈ ಕಿವಿ ಹೋಯ್ತು, ಅವತ್ತು ನೀನು ಕೂಗಿದ್ದೆ ಅನ್ನೋದು ನಂಗೆ ಗೊತ್ತಾಗಿದ್ದೇ ಈಗ."